ಗೊರಕೆ ನಿಂತ ಮಾತ್ರಕ್ಕೆ ಉಸಿರು ಸರಿಹೋಯಿತೆಂದಲ್ಲ

ಪ್ರಶ್ನೆ: ನಮ್ಮ ಮನೆಯವರಿಗೆ 51 ವರ್ಷ. ಬ್ಯಾಡಗಿಯಿಂದ ಹುಬ್ಬಳ್ಳಿಗೆ ಮೆಣಸಿನಕಾಯಿ ಲಾರಿ ಓಡಿಸುತ್ತಾರೆ. ವಿಪರೀತ ಗೊರಕೆ. ನಡುವೆ ಉಸಿರೇ ನಿಂತು, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಾರೆ. ಹಗಲೆಲ್ಲ ತೂಕಡಿಕೆ. ಹಲ್ಲಿಗೆ ಕ್ಲಿಪ್ ಹಾಕಿಸಿದರೆ ಸಾಕು, ಪರೀಕ್ಷೆ ಬೇಡ ಎಂದು ಒಬ್ಬರು ಹೇಳಿದ್ದಾರೆ. ಹಾಕಿಸಲೇ? – ಓದುಗರು, ಹಾವೇರಿ

ಉತ್ತರ: ಈಗಲೇ ಬೇಡ, ತಂಗಿ. ಪರೀಕ್ಷೆ ಬೇಡವೆಂದವರ ಬಳಿಗೆ ಮತ್ತೆ ಹೋಗಲೂ ಬೇಡ. ನಾನೂ ದಂತವೈದ್ಯನೇ, ನನ್ನ ವೃತ್ತಿಯವರೇ ಹೀಗೆ ಹೇಳುತ್ತಾರೆಂದು ಪ್ರತಿ ತಿಂಗಳೂ ಪತ್ರ ಬಂದಾಗ ಸಿಟ್ಟು ಬರುತ್ತದೆ.

ನೀವು ಕಂಡದ್ದು ಬಹುಮಟ್ಟಿಗೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ. ಆದರೆ ಅದು ಎಷ್ಟು ತೀವ್ರ ಎಂಬುದು ಬಾಯಿ ನೋಡಿ ಗೊತ್ತಾಗುವುದಿಲ್ಲ. ಒಂದು ರಾತ್ರಿ ಮೈಗೆ ತಂತಿಗಳನ್ನು ಅಂಟಿಸಿ ಮಲಗಿಸಿ, ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ತಗ್ಗುತ್ತದೆ ಎಂದು ಎಣಿಸಬೇಕು. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ತೀವ್ರವಾಗಿದ್ದರೆ ಮೊದಲ ಆಯ್ಕೆ ಮೂಗಿನ ಮೂಲಕ ಗಾಳಿಯ ಒತ್ತಡ ಕೊಡುವ ಸಿಪ್ಯಾಪ್ ಯಂತ್ರ, ಹಲ್ಲಿನ ಸಾಧನವಲ್ಲ. ಮಿದುಳಿನಿಂದಲೇ ಉಸಿರಾಟದ ಆದೇಶ ತಪ್ಪುವ ಇನ್ನೊಂದು ಬಗೆಯ ಆಪ್ನಿಯಾ ಇದೆ. ಅದಕ್ಕೆ ನಮ್ಮ ಸಾಧನದಿಂದ ಪ್ರಯೋಜನವಿಲ್ಲ.

ಅವರು ಕ್ಲಿಪ್ ಎಂದದ್ದು ಹಲ್ಲು ಸಾಲು ಮಾಡುವ ಕ್ಲಿಪ್ ಅಲ್ಲ. ಮಲಗುವಾಗ ಮೇಲೆ ಕೆಳಗೆ ಕೂರಿಸುವ ಎರಡು ಅಚ್ಚುಗಳು ಅವು. ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುತ್ತವೆ. ದವಡೆಯೊಂದಿಗೆ ನಾಲಿಗೆಯೂ ಮುಂದೆ ಬಂದು ಗಂಟಲಿನ ದಾರಿ ತೆರೆಯುತ್ತದೆ. ಸೌಮ್ಯ, ಮಧ್ಯಮ ಹಂತದವರಿಗೂ ಯಂತ್ರ ಒಗ್ಗದವರಿಗೂ ಇದು ನಿಜವಾಗಿ ನೆರವಾಗುತ್ತದೆ. ಕಚ್ಚಲು ಗಟ್ಟಿ ಹಲ್ಲುಗಳಿರಬೇಕು, ಒಸಡು ಚೆನ್ನಾಗಿರಬೇಕು, ದವಡೆಯ ಕೀಲಿನಲ್ಲಿ ನೋವಿರಬಾರದು. ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಹೊಂದಿಸುತ್ತೇವೆ. ಜೊಲ್ಲು, ಬೆಳಗಿನ ದವಡೆ ನೋವು ಸಾಮಾನ್ಯ. ವರ್ಷಗಳಾದ ಮೇಲೆ ಹಲ್ಲುಗಳ ಕಚ್ಚುವಿಕೆಯೇ ಬದಲಾಗಬಹುದು.

ಇಲ್ಲೇ ಜನ ಮೋಸ ಹೋಗುವುದು. ಸಾಧನ ಹಾಕಿದ ಮೇಲೆ ಗೊರಕೆ ನಿಲ್ಲುತ್ತದೆ, ಮನೆಯವರಿಗೆ ನೆಮ್ಮದಿ. ಒಳಗೆ ಉಸಿರು ಮಾತ್ರ ಮೊದಲಿನಂತೆ ನಿಲ್ಲುತ್ತಲೇ ಇರಬಹುದು. ಅದಕ್ಕೇ ಸಾಧನ ಬಾಯಲ್ಲಿಟ್ಟುಕೊಂಡೇ ನಿದ್ರೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಬೇಕು.

ದಂತವೈದ್ಯರನ್ನು ಹುಡುಕುವಾಗ ಎರಡು ಮಾತು ಕೇಳಿ: ಪರೀಕ್ಷೆಯ ವರದಿ ನೋಡಿದ ಮೇಲೆಯೇ ಬಾಯಿಯ ಅಳತೆ ತೆಗೆಯುತ್ತೀರಾ, ಆಮೇಲೆ ಮರುಪರೀಕ್ಷೆಗೆ ಕಳಿಸುತ್ತೀರಾ. ಎರಡಕ್ಕೂ ಹೌದೆಂದರೆ ಸರಿ. ಧಾರವಾಡದ ಸತ್ತೂರಿನಲ್ಲಿ ದಂತ ಕಾಲೇಜಿದೆ. ಈ ಸಾಧನ ಮಾಡಿಕೊಡುತ್ತಾರೆಯೇ ಎಂದು ಫೋನಿನಲ್ಲಿ ವಿಚಾರಿಸಿಕೊಂಡು ಹೋಗಿ.

ಕಾಯಿಲೆ ಹತೋಟಿಗೆ ಬರುವವರೆಗೆ ಅವರ ಕೈಗೆ ಲಾರಿ ಕೊಡಬೇಡಿ. ಬಾಡಿಗೆ ತಪ್ಪುವ ಸಂಕಟ ನನಗೆ ಗೊತ್ತು, ಆದರೂ ಈ ಮಾತಿನಲ್ಲಿ ನಾನು ಸಡಿಲಿಸುವುದಿಲ್ಲ. ಹೆದ್ದಾರಿಯಲ್ಲಿ ಒಂದು ತೂಕಡಿಕೆ ಸಾಕು.

ಪ್ರಶ್ನೆ: ಬಿಸಿನೀರಲ್ಲಿ ಅದ್ದಿ ಕಚ್ಚುವ ಅಚ್ಚು ಆನ್‌ಲೈನಿನಲ್ಲಿ ಸಿಗುತ್ತದೆ. ತರಿಸಲೇ? – ಗದಗ

ಉತ್ತರ: ತರಿಸಬೇಡಿ.

ಪ್ರಶ್ನೆ: ಮಲಗುವ ಮುನ್ನ ಒಂದು ಪೆಗ್ ಕುಡಿದರೆ ಒಳ್ಳೆಯ ನಿದ್ದೆ ಬಂದು ಗೊರಕೆ ಕಡಿಮೆಯಾಗುತ್ತದೆಯಂತೆ? – ಹುಬ್ಬಳ್ಳಿ

ಉತ್ತರ: ಶುದ್ಧ ಸುಳ್ಳು. ಮದ್ಯ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸಿ ದಾರಿ ಮುಚ್ಚುತ್ತದೆ.

ಪ್ರಶ್ನೆ: ಆರು ವರ್ಷದ ಮಗಳು ದಿನವೂ ಗೊರಕೆ ಹೊಡೆಯುತ್ತಾಳೆ. ಅವಳಿಗೂ ಇದೇ ಸಾಧನವೇ? – ಧಾರವಾಡ

ಉತ್ತರ: ಅಲ್ಲ. ಮೊದಲು ಕಿವಿ-ಮೂಗು-ಗಂಟಲು ತಜ್ಞರಿಗೆ ಟಾನ್ಸಿಲ್ ಮತ್ತು ಅಡಿನಾಯ್ಡ್ (ಮೂಗಿನ ಹಿಂದಿನ ಗ್ರಂಥಿ) ತೋರಿಸಿ, ಈ ವಾರವೇ.