40 ಕಾಯಿಲೆಯ ಪಾಲಿಸಿಯೋ, 12ರದ್ದೋ?

ಆರೋಗ್ಯ ವಿಮೆ ಇದ್ದರೂ ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಬೇಕಾ, 40 ಕಾಯಿಲೆಯದ್ದು ತೆಗೆದುಕೊಳ್ಳಲಾ 12ರದ್ದಾ ಅಂತ ಕೇಳಿದ್ದೀರಿ. ಆರೋಗ್ಯ ವಿಮೆ, ಈ ಪಾಲಿಸಿ ಎರಡರ ಕೆಲಸವೂ ಬೇರೆ. ಆರೋಗ್ಯ ವಿಮೆ ಆಸ್ಪತ್ರೆಯ ಬಿಲ್ ಕಟ್ಟುತ್ತದೆ. ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ತನ್ನ ಪಟ್ಟಿಯಲ್ಲಿರುವ (40 ಅಥವಾ 12) ಗಂಭೀರ ಕಾಯಿಲೆಗಳಲ್ಲಿ ಒಂದು ಖಚಿತವಾದರೆ ಇಡೀ ಮೊತ್ತವನ್ನು ಒಂದೇ ಸಲ ಕೈಗೆ ಕೊಡುತ್ತದೆ. ಆರು ತಿಂಗಳು ಸಂಬಳವಿಲ್ಲದೆ ಮಲಗಿದರೆ ಸಾಲದ ಕಂತಿಗೆ ಆಗುವುದು ಆ ದುಡ್ಡೇ ಅಲ್ವಾ? 1983ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಇಂಥ ಪಾಲಿಸಿಯನ್ನು ಶುರು ಮಾಡಿಸಿದ್ದೇ ಒಬ್ಬ ಹೃದಯ ಸರ್ಜನ್, ಮಾರಿಯಸ್ ಬರ್ನಾರ್ಡ್. ರೋಗಿ ಬದುಕಿದರೂ ಮನೆ ಮುಳುಗುವುದನ್ನು ಅವರು ನೋಡಿದ್ದರು.

ಇನ್ನು ಸಂಖ್ಯೆ. ಸುಮ್ನೆ ಅದಕ್ಕೆ ಮರುಳಾಗಬೇಡಿ. ಕ್ಲೇಮ್ ಜಾಸ್ತಿ ಬರುವುದು ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯುವಿಗೇ. ನೋಡಬೇಕಾದ್ದು ಯಾವ ಕಾಯಿಲೆ ಎಷ್ಟು ತೀವ್ರವಾಗಿರಬೇಕು ಅಂತ ಬರೆದಿರುವ ಪುಟ. ಪಾರ್ಶ್ವವಾಯು ಹೊಡೆದರಷ್ಟೇ ಸಾಲದು, ಮೂರು ತಿಂಗಳ ಮೇಲೂ ಅದರ ತೊಂದರೆ ಉಳಿದಿರಬೇಕು ಅಂತ ಹಲವು ಪಾಲಿಸಿಗಳಲ್ಲಿ ಇರುತ್ತದೆ. ಸ್ಟೆಂಟ್ ಹಾಕಿಸಿಕೊಂಡಿದ್ದನ್ನು, ತೀರಾ ಆರಂಭದ ಕ್ಯಾನ್ಸರನ್ನು ಎಷ್ಟೋ ಪಾಲಿಸಿಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾಯಿಲೆ ಗೊತ್ತಾದ ಮೇಲೆ ಇಷ್ಟು ದಿನ, ಸಾಮಾನ್ಯವಾಗಿ 14ರಿಂದ 30, ಬದುಕಿರಬೇಕು ಅನ್ನುವ ಷರತ್ತೂ ಇರುತ್ತದೆ. ಓದಲು ಕಸಿವಿಸಿ, ಆದರೂ ಓದಿ.

ಬಿಪಿ, ಶುಗರ್ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ. ನಾನಾಗಿದ್ದರೆ 12ರದ್ದೇ ತೆಗೆದುಕೊಂಡು, ಪ್ರೀಮಿಯಂನಲ್ಲಿ ಉಳಿಯುವ ದುಡ್ಡಿಗೆ ವಿಮೆಯ ಮೊತ್ತ ಏರಿಸಿಕೊಳ್ಳುತ್ತಿದ್ದೆ.