16 ಎಂಬಿ ಇದ್ದರೂ ಮೆಮೊರಿ ಸಾಲದಂತೆ!

ಪ್ರಶ್ನೆ: ನಮ್ಮ ಕಾಫಿ ತೋಟದ ಆಫೀಸಿನಲ್ಲಿ ಡಾಸ್ 6.22 (ಆದೇಶ ಟೈಪ್ ಮಾಡಿ ನಡೆಸುವ ಹಳೇ ಆಪರೇಟಿಂಗ್ ಸಿಸ್ಟಂ) ಇರುವ ಹಳೇ ಕಂಪ್ಯೂಟರ್ ಇದೆ. ಹಣ್ಣಿನ ತೂಕ, ಆಳುಗಳ ಬಟವಾಡೆ ಎಲ್ಲ ಅದರಲ್ಲೇ. ಸಂಜೆ ಲೆಕ್ಕದ ಫೈಲನ್ನು ಇನ್ನೊಂದು ಕಂಪ್ಯೂಟರಿಗೆ ಕಳಿಸೋಣ ಅಂತ ನೆಟ್‌ವರ್ಕ್ ಕಾರ್ಡ್ ಹಾಕಿಸಿದೆ. ಡ್ರೈವರ್ ಲೋಡ್ ಆದ ಮೇಲೆ ಲೆಕ್ಕದ ಪ್ರೋಗ್ರಾಂ ‘ಮೆಮೊರಿ ಸಾಲದು’ ಅಂತ ನಿಲ್ಲುತ್ತದೆ. ರ‍್ಯಾಮ್ 16 ಎಂಬಿ ಇದೆ. ಇನ್ನೂ ಹಾಕಿಸಬೇಕಾ ಸರ್?
– ಓದುಗರು, ಆಲ್ದೂರು, ಚಿಕ್ಕಮಗಳೂರು

ಉತ್ತರ: ಬೇಡ, ಸುಮ್ನೆ ದುಡ್ಡು ದಂಡ. ಸಾಮಾನ್ಯ ಡಾಸ್ ಪ್ರೋಗ್ರಾಂ ಓಡುವುದು ಮೊದಲ 640 ಕೆಬಿಯಲ್ಲಿ. 1981ರ ಐಬಿಎಂ ಪಿಸಿಯ ಪ್ರೊಸೆಸರ್‌ಗೆ ಕಾಣುತ್ತಿದ್ದದ್ದೇ 1 ಎಂಬಿ. ಅದರಲ್ಲಿ ಮೇಲಿನ 384 ಕೆಬಿ ಸ್ಕ್ರೀನ್, ಬಯೋಸ್ (ಯಂತ್ರವನ್ನು ಶುರುಮಾಡುವ ಪ್ರೋಗ್ರಾಂ), ಕಾರ್ಡುಗಳಿಗೆ ಮೀಸಲು. ನಿಮ್ಮ ಯಂತ್ರ ಇನ್ನೂ ಆ ಲೆಕ್ಕದಲ್ಲೇ ಇದೆ.

‘ಮೆಮ್ /ಸಿ /ಪಿ’ ಅಂತ ಆದೇಶ ಕೊಟ್ಟು ನೋಡಿ. ಯಾವುದು ಎಷ್ಟು ತಿಂದಿದೆ ಅಂತ ಸಾಲಾಗಿ ಬರುತ್ತದೆ. ಕಾರ್ಡಿನ ಡ್ರೈವರ್ ಅಷ್ಟೇನೂ ದೊಡ್ಡದಲ್ಲ. ಅದರ ಮೇಲೆ ಕೂರುವ ಟಿಸಿಪಿ/ಐಪಿ (ನೆಟ್‌ವರ್ಕಿನಲ್ಲಿ ಮಾತುಕತೆ ನಡೆಸುವ ತಂತ್ರಾಂಶ), ರೀಡೈರೆಕ್ಟರ್ (ಇನ್ನೊಂದು ಕಂಪ್ಯೂಟರಿನ ಡಿಸ್ಕನ್ನು ಇಲ್ಲಿನದರಂತೆ ತೋರಿಸುವುದು) ಇವೇ ಹೊಟ್ಟೆಬಾಕರು.

ಡಾಸ್ ಶುರುವಾಗುವಾಗ ಓದುವ ಕಾನ್ಫಿಗ್.ಸಿಸ್ ಫೈಲಿನಲ್ಲಿ ಮೊದಲು ಹಿಮೆಮ್.ಸಿಸ್, ಆಮೇಲೆ ನೋಇಎಂಎಸ್ ಎಂಬ ಆಯ್ಕೆ ಜೊತೆ ಇಎಂಎಂ386 (ಎರಡೂ ಮೆಮೊರಿ ನೋಡಿಕೊಳ್ಳುವ ಡ್ರೈವರ್‌ಗಳು), ಆಮೇಲೆ ‘ಡಾಸ್=ಹೈ,ಯುಎಂಬಿ’ ಇರಲಿ. ಇಷ್ಟಾದರೆ ಆ 384 ಕೆಬಿಯಲ್ಲಿ ಖಾಲಿ ಇರುವ ಜಾಗ ಸಿಗುತ್ತದೆ. ಅದನ್ನು ಮನೆಯ ಅಟ್ಟ ಅಂದುಕೊಳ್ಳಿ. ಡ್ರೈವರ್‌ಗಳನ್ನು ಡಿವೈಸ್‌ಹೈ, ಲೋಡ್‌ಹೈ ಆದೇಶ ಹಾಕಿ ಅಲ್ಲಿಗೆ ಹತ್ತಿಸಿ. ದೊಡ್ಡ ಹಂಡೆ ಮೊದಲು, ಚೊಂಬು ಆಮೇಲೆ. ಕೆಲವು ಡ್ರೈವರ್‌ಗಳು ಲೋಡ್ ಆಗುವಾಗ ಕೊನೆಗೆ ಉಳಿಸಿಕೊಳ್ಳುವುದಕ್ಕಿಂತ ಜಾಸ್ತಿ ಜಾಗ ಕೇಳುತ್ತವೆ. ಸಿಗದಿದ್ದರೆ ತೆಪ್ಪಗೆ ಕೆಳಗೇ ಕೂತುಬಿಡುತ್ತವೆ. ಡಾಸ್ ಜೊತೆಗೇ ಬರುವ ಮೆಮ್‌ಮೇಕರ್ ಈ ಜೋಡಣೆಯನ್ನು ತಾನೇ ಮಾಡುತ್ತದೆ, ಆದರೆ ಮೊದಲು ಕಾನ್ಫಿಗ್.ಸಿಸ್, ಆಟೋಎಕ್ಸೆಕ್.ಬ್ಯಾಟ್ (ಶುರುವಿನಲ್ಲಿ ತಾನೇ ಓಡುವ ಆದೇಶಗಳ ಪಟ್ಟಿ) ಎರಡೂ ಫೈಲುಗಳನ್ನು ಫ್ಲಾಪಿಗೆ ಕಾಪಿ ಮಾಡಿಟ್ಟುಕೊಳ್ಳಿ. ಕಾರ್ಡಿಗೆ ಅಟ್ಟದಲ್ಲಿ ಸ್ವಂತ ಜಾಗ ಬೇಕಿದ್ದರೆ ಇಎಂಎಂ386 ಸಾಲಿನಲ್ಲಿ ‘ಎಕ್ಸ್=’ ಮುಂದೆ ಆ ಜಾಗದ ವಿಳಾಸ ಕೊಟ್ಟು, ಬೇರೆ ಯಾರೂ ಅಲ್ಲಿ ಕೂರದಂತೆ ಬಿಡಿಸಿ. ಇಲ್ಲವಾದರೆ ಯಂತ್ರ ಹ್ಯಾಂಗ್ ಆಗಬಹುದು. ಸಿಡಿ ಬಳಸುವುದಿಲ್ಲ ಅಲ್ವಾ? ಅದರ ಡ್ರೈವರ್ ಸಾಲಿಗೆ ಮುಂದೆ ‘ರೆಮ್’ ಸೇರಿಸಿ, ಡಾಸ್ ಆ ಸಾಲನ್ನು ಬಿಟ್ಟುಬಿಡುತ್ತದೆ.

ಆದರೂ ನಿಮ್ಮ ಕೆಲಸಕ್ಕೆ ಇದೆಲ್ಲ ಜಾಸ್ತಿಯೇ. ದಿನವಿಡೀ ನೆಟ್‌ವರ್ಕ್ ಯಾಕೆ? ಡಾಸ್ 6ರಿಂದ ಕಾನ್ಫಿಗ್.ಸಿಸ್‌ನಲ್ಲೇ ಮೆನು ಮಾಡಬಹುದು. ‘ಲೆಕ್ಕ’ ಅಂತ ಒಂದು, ‘ಕಳಿಸು’ ಅಂತ ಇನ್ನೊಂದು. ಆಟೋಎಕ್ಸೆಕ್.ಬ್ಯಾಟ್‌ನಲ್ಲೂ ಎರಡು ದಾರಿ ಮಾಡಿ. ಸಂಜೆ ರೀಸ್ಟಾರ್ಟ್ ಮಾಡಿ ಎರಡನೆಯದನ್ನು ಆರಿಸಿ. ಅಲ್ಲಿ ಕಾರ್ಡು ನಡೆಸಲು ಪುಟ್ಟ ಪ್ಯಾಕೆಟ್ ಡ್ರೈವರ್, ಎಂಟಿಸಿಪಿ ಎಂಬ ಡಾಸ್ ನೆಟ್‌ವರ್ಕ್ ಪ್ರೋಗ್ರಾಂಗಳ ಕಟ್ಟಿನ ಎಫ್‌ಟಿಪಿ (ಫೈಲ್ ಕಳಿಸುವ ಪ್ರೋಗ್ರಾಂ) ಇದ್ದರೆ ಸಾಕು. ಅದರ ಟಿಸಿಪಿ/ಐಪಿ ಪ್ರೋಗ್ರಾಂ ಒಳಗೇ ಇರುತ್ತದೆ, ಕೆಲಸ ಮುಗಿದಾಗ ಅದೂ ಜಾಗ ಬಿಡುತ್ತದೆ.