ಗೃಹಪ್ರವೇಶದ ಕಾರ್ಡು

ರಾತ್ರಿ ನಿದ್ದೆ ಬರಲ್ಲ ಅಂತ ಆಪ್ತಸಲಹೆಗಾರಳಾದ ನನ್ನ ಹತ್ತಿರ ಒಬ್ಬರು ಬಂದಿದ್ದರು. ಹೆಸರು, ಗುರುತು ಬದಲಿಸಿದ್ದೇನೆ, ಸುಧಾ ಎನ್ನೋಣ. ಗಂಡ ಹೆಂಡತಿ ಇಬ್ಬರಿಗೂ ಕೆಲಸ, 9 ವರ್ಷದ ಮಗ. ಬೆಂಗಳೂರಿನ ದಕ್ಷಿಣಕ್ಕೆ, 24 ಮನೆಗಳ ಅಪಾರ್ಟ್‌ಮೆಂಟಿನಲ್ಲಿ 5 ವರ್ಷದಿಂದ ಬಾಡಿಗೆಗೆ ಇದ್ದಾರೆ. ಬಾಡಿಗೆಯವರು ಅಂತ ಅಕ್ಕಪಕ್ಕದವರು ಕೀಳಾಗಿ ಕಾಣ್ತಾರೆ ಅನ್ನೋ ಗೋಳು ಹೊತ್ತು ನನ್ನ ಹತ್ತಿರ ಬಂದವರಲ್ಲಿ ಇವರು ಮೂರನೆಯವರು. ಅದಕ್ಕೇ ಬರೆಯುತ್ತಿದ್ದೇನೆ.

ಮನೆ ಓನರ್ ಮೈಸೂರಿನಲ್ಲಿದ್ದಾರೆ, ಒಳ್ಳೆಯವರು. ತೊಂದರೆ ಅಕ್ಕಪಕ್ಕದ ಓನರ್‌ಗಳದ್ದು. ಎಲ್ಲ ಸಣ್ಣ ಸಣ್ಣ ವಿಷಯಗಳೇ. ಗಣೇಶನ ಹಬ್ಬಕ್ಕೆ ಚಂದಾ ಕೇಳಿಕೊಂಡು ಬಾಗಿಲಿಗೆ ಬರುತ್ತಾರೆ, ಹಬ್ಬದ ಮಾತುಕತೆ ನಡೆಯುವ ವಾಟ್ಸಾಪ್ ಗ್ರೂಪಿಗೆ ಮಾತ್ರ ಸೇರಿಸಲ್ಲ. ಮೇಂಟೆನೆನ್ಸ್ ಕಟ್ಟೋದು ಇವರು, ಲಿಫ್ಟ್ ಕೆಟ್ಟಿದೆ ಅಂದರೆ "ನಿಮ್ಮ ಓನರ್ ಕೈಲಿ ಫೋನ್ ಮಾಡಿಸಿ." 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿತು, ಟ್ಯಾಂಕರ್ ಬಂತು. ನೀರು ಜಾಸ್ತಿ ಸುರಿಯೋದು ಬಾಡಿಗೆಯವರೇ ಅನ್ನೋ ಮಾತೂ ಬಂತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಸಾರಿದ್ದ ದಿನಗಳವು. ಕೆಳಗೆ ಪೈಪ್ ಹಿಡಿದು ಕಾರು ತೊಳೆಯುತ್ತಿದ್ದ ಓನರೊಬ್ಬರೇ ಇವರ ಬಕೆಟ್ ಲೆಕ್ಕ ಕೇಳಿದರಂತೆ!

ಎದುರು ಮನೆ ಆಂಟಿಗೆ ಇವರು ಇವತ್ತಿಗೂ "302 ಬಾಡಿಗೆಯವರು."

ಎರಡನೇ ಸಲ ಬಂದಾಗ ಸುಧಾ ಒಂದು ಫೈಲ್ ತಂದಿದ್ದರು. ಕನಕಪುರ ರಸ್ತೆಯಲ್ಲಿ ಊರಾಚೆ ಒಂದು ಫ್ಲಾಟ್ ನೋಡಿ, 1 ಲಕ್ಷ ಟೋಕನ್ ಕೊಟ್ಟಾಗಿತ್ತು. 65 ಲಕ್ಷ ಸಾಲ, 20 ವರ್ಷ, ತಿಂಗಳಿಗೆ ಸುಮಾರು 57 ಸಾವಿರ ಕಂತು. ಈಗಿನ ಬಾಡಿಗೆ 22 ಸಾವಿರ. ಇಬ್ಬರ ಸಂಬಳ ಸೇರಿ ಲಕ್ಷದ ಮೇಲೆ ಸ್ವಲ್ಪ. ಮಗನ ಸ್ಕೂಲ್ ಬದಲಾಗಬೇಕು. "ಅದೇನೇ ಆಗಲಿ ಮೇಡಂ, ನಮ್ಮದು ಅಂತ ಒಂದು ಸೂರು ಬೇಕು" ಎಂದರು.

ಬೇಕು, ಯಾರು ಬೇಡ ಅಂತಾರೆ? ನಾನು ಕೇಳಿದ್ದು ಇಷ್ಟೇ: "ಸುಧಾ, ಹೊಸ ಮನೆ ಕೀ ಕೈಗೆ ಬಂದಿದೆ ಅಂದುಕೊಳ್ಳಿ. ಆ ದಿನ ಏನು ಮಾಡ್ತೀರ, ಹೇಳ್ತಾ ಹೋಗಿ."

ಅಡುಗೆಮನೆ, ದೇವರ ಮೂಲೆ, ಬಾಲ್ಕನಿಯಲ್ಲಿ ತುಳಸಿ. ಇಂಥದ್ದೇನೋ ಹೇಳುತ್ತಾರೆ ಅಂದುಕೊಂಡೆ. ಅವರು ಕಣ್ಣು ಮುಚ್ಚಿ ಹೇಳತೊಡಗಿದರು. ರೇಷ್ಮೆ ಸೀರೆ ಉಟ್ಟಿದ್ದೇನೆ. ಕೈಯಲ್ಲಿ ಗೃಹಪ್ರವೇಶದ ಕಾರ್ಡಿದೆ. ಲಿಫ್ಟಿಗೆ ಕಾಯ್ತಿದ್ದೇನೆ. ಎದುರು ಮನೆ ಆಂಟಿ ಬರ್ತಾರೆ. ಕಾರ್ಡ್ ಕೊಡ್ತೀನಿ. ಅವರು ಓದ್ತಾರೆ. ಅವರ ಮುಖ...

ಅಲ್ಲಿಗೆ ನಿಂತರು.

"ಇದು ಯಾವ ಲಿಫ್ಟ್?" ಅಂದೆ.

ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ಈಗಿನದೇ ಮೇಡಂ. ಹೊಸ ಮನೆಗೆ ನಾನು ಹೋಗಲೇ ಇಲ್ಲ ಅಲ್ವಾ?" ಎಂದು ನಕ್ಕರು. ನಗುತ್ತಲೇ ಅತ್ತರು.

ಕಾರ್ಡು ಕೊಡೋಕೆ ಅರ್ಧ ನಿಮಿಷ ಸಾಕು. ಕಂತು 240 ತಿಂಗಳು. ಈ ಲೆಕ್ಕ ನಾನು ಹಾಕಲಿಲ್ಲ, ಅವರೇ ನನ್ನ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಫೈಲಿನ ಮೇಲೆ ಬರೆದರು.

ನಾನು ಕೊಟ್ಟ ಸಲಹೆ: 6 ತಿಂಗಳು ಸೇಲ್ ಅಗ್ರಿಮೆಂಟಿಗೆ ಸಹಿ ಹಾಕಬೇಡಿ. ಅಷ್ಟರಲ್ಲಿ ಸೆಕ್ರೆಟರಿಯ ಹತ್ತಿರ ನೀವೇ ಹೋಗಿ, ನೀರು, ಲಿಫ್ಟ್, ವಾಚ್‌ಮನ್ ವಿಷಯಕ್ಕೆ ಅಲ್ಲಿ ವಾಸ ಇರುವವರೆಲ್ಲರ ಒಂದು ಗ್ರೂಪ್ ಮಾಡಿ ಅಂತ ಕೇಳಿ. ಸಂಘದಲ್ಲಿ ಓಟು ಓನರ್‌ಗಳದ್ದು, ಅದರಲ್ಲಿ ತಕರಾರಿಲ್ಲ. ಆದರೆ ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತೆ ಅಂತ ತಿಳಿಯೋಕೆ ಕ್ರಯಪತ್ರ ಬೇಕಾ? ಇನ್ನೊಂದು, ಆಂಟಿಗೆ ನಿಮ್ಮ ಹೆಸರು ಹೇಳಿ.

ಇದಕ್ಕೆ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಆಕ್ಷೇಪಿಸಿದರು. ದುಡ್ಡಿನ ವಿಷಯಕ್ಕೆ ಆಪ್ತಸಲಹೆಗಾರರು ಕೈ ಹಾಕಬಾರದು ಅಂತ. ಮಾಮೂಲಿಯಾಗಿ ನಾನೂ ಹಾಕಲ್ಲ. ಆದರೆ ಇಲ್ಲಿ ಅವಮಾನವೇ ಸಾಲದ ಅರ್ಜಿ ತುಂಬುತ್ತಿತ್ತು. ಮೊದಲಿಬ್ಬರು ಬಂದಾಗ ನಾನು ಸುಮ್ನೆ ಕೇಳಿಸಿಕೊಂಡೆ. ಅವರಲ್ಲಿ ಒಬ್ಬರು ಮನೆ ಕೊಂಡ ಮೇಲೆ ಕಂತಿನ ಚಿಂತೆಗೆ ನಿದ್ದೆ ಬರಲ್ಲ ಅಂತ ಮತ್ತೆ ಬಂದರು. ಇನ್ನೊಂದು ಮುಚ್ಚಿಡಬಾರದು: ನಾನೂ ಒಬ್ಬ ಓನರ್. ನಮ್ಮ ಬಿಲ್ಡಿಂಗಿನಲ್ಲೂ ಓನರ್‌ಗಳದ್ದೇ ಗ್ರೂಪ್ ಇದೆ. ಮೂರನೇ ಮಹಡಿಯ ಬಾಡಿಗೆಯವರ ಹೆಸರು ನನಗೂ ಗೊತ್ತಿರಲಿಲ್ಲ. ಸುಧಾ ಹೋದ ಸಂಜೆ ಹೋಗಿ ಕೇಳಿದೆ. ಏನೋ ಕಂಪ್ಲೇಂಟ್ ಇರಬೇಕು ಅಂತ ಅವರು ಗಾಬರಿಯಾದರು.

ಸುಧಾ ಅವರ ಟೋಕನ್‌ನಲ್ಲಿ ಅರ್ಧ ವಾಪಸ್ ಬಂತು. ಗಂಡನಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ. ಈಗಿನ ಮನೆಯ ಕರಾರು ಮತ್ತೆ 11 ತಿಂಗಳಿಗೆ ಬರೆಸಿದ್ದಾರೆ. ಗ್ರೂಪ್ ಆಗಿಲ್ಲ; ನೋಟಿಸ್ ಬೋರ್ಡಿನಲ್ಲಿ ಟ್ಯಾಂಕರ್ ಟೈಮ್ ಬರೆದು ಹಾಕುತ್ತಿದ್ದಾರಂತೆ.

ಆಂಟಿಗೆ ಹೆಸರೂ ಹೇಳಿದರಂತೆ, ಲಿಫ್ಟಿನಲ್ಲೇ. ಆಂಟಿ "ಹೌದಾ, ನನ್ನ ನಾದಿನಿ ಹೆಸರೂ ಸುಧಾನೇ" ಎಂದು, ಕೆಳಗಿಳಿಯುವಷ್ಟರಲ್ಲಿ ಕೇಳಿದ್ದು: "ಈಗ ಎಷ್ಟಮ್ಮ ಬಾಡಿಗೆ ಕೊಡ್ತಿದ್ದೀರ?"